ರಿಸ್ಟ್ ಪ್ಯಾಡ್ ಆಮೇಲೆ ಕೊಳ್ಳಿ, ಮೊದಲು ಕುರ್ಚಿ ಎತ್ತರಿಸಿ

ದಿನವಿಡೀ ಕಂಪ್ಯೂಟರ್ ಮುಂದೆ ಕೂತು ಕೈ ನೋಯಲು ಶುರುವಾದರೆ ಹೆಚ್ಚಿನವರು ಮೊದಲು ಕೊಳ್ಳುವುದು ಕೀಬೋರ್ಡ್ ಮುಂದೆ ಇಡುವ, ಜೆಲ್ ತುಂಬಿದ ರಿಸ್ಟ್ ಪ್ಯಾಡ್. ನನ್ನ ಪ್ರಕಾರ ಅದು ಕೊನೆಗೆ ಕೊಳ್ಳಬೇಕಾದ ವಸ್ತು. ಅದರ ಮೇಲೆ ಮಣಿಕಟ್ಟು ಊರಿ ಟೈಪ್ ಮಾಡಿದರೆ ಭಾರವೆಲ್ಲ ಬೀಳುವುದು ಕಾರ್ಪಲ್ ಟನಲ್ ಮೇಲೆ, ಅಂದರೆ ಮಣಿಕಟ್ಟಿನೊಳಗಿನ ಕಿರಿದಾದ ಸುರಂಗದ ಮೇಲೆ. ಬೆರಳು ಮಡಚುವ 9 ಸ್ನಾಯುರಜ್ಜುಗಳೂ ಮೀಡಿಯನ್ ನರವೂ ಆ ಇಕ್ಕಟ್ಟಿನಲ್ಲೇ ಒಟ್ಟಿಗೆ ಹಾದುಹೋಗಬೇಕು. ಟೈಪ್ ನಿಲ್ಲಿಸಿದಾಗ ಅಂಗೈ ಬುಡ ಇಡಲು ಮಾತ್ರ ಪ್ಯಾಡ್ ಸರಿ.

ಯಾವ ಬೆರಳು ಜೋಮು ಹಿಡಿಯುತ್ತದೆ ಎಂದು ಮೊದಲು ಗಮನಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆಂದು ರಾತ್ರಿ ಎಚ್ಚರವಾಗುತ್ತಿದ್ದರೆ ಅನುಮಾನ ಮಣಿಕಟ್ಟಿನಲ್ಲಿರುವ ಆ ಮೀಡಿಯನ್ ನರದ ಮೇಲೆ. ಕಿರುಬೆರಳು ಮತ್ತು ಉಂಗುರಬೆರಳಿನ ಅರ್ಧ ಭಾಗವಾದರೆ ಒತ್ತಡಕ್ಕೆ ಸಿಕ್ಕಿರುವುದು ಅಲ್ನರ್ ಎಂಬ ಇನ್ನೊಂದು ನರ, ಹೆಚ್ಚಾಗಿ ಮೊಣಕೈ ಹತ್ತಿರ. ಮೊಣಕೈಯನ್ನು ಮೇಜಿನ ಅಂಚಿಗೆ ಒತ್ತಿ ಕೂರುವವರಿಗೆ, ಕೈ ಪೂರ್ತಿ ಮಡಚಿ ಗಂಟೆಗಟ್ಟಲೆ ಫೋನ್ ಹಿಡಿಯುವವರಿಗೆ ಇದು ಬರುತ್ತದೆ. ಅಂಥವರು ಮಣಿಕಟ್ಟಿಗೆ ಏನೇ ಮಾಡಿದರೂ ಪ್ರಯೋಜನ ಕಡಿಮೆ.

ಇನ್ನು ಕುರ್ಚಿ. ಭುಜ ಸಡಿಲ ಬಿಟ್ಟು, ಮೊಣಕೈ ಪಕ್ಕೆಗೆ ಹತ್ತಿರವಿಟ್ಟು 90ರಿಂದ 110 ಡಿಗ್ರಿ ಮಡಚಿದಾಗ ಕೀಬೋರ್ಡ್ ಮೊಣಕೈ ಮಟ್ಟದಲ್ಲಿ ಅಥವಾ ತುಸು ಕೆಳಗಿರಬೇಕು. ಮೇಜುಗಳು ಸಾಮಾನ್ಯವಾಗಿ 72–75 ಸೆಂ.ಮೀ. ಎತ್ತರ, ಟೈಪ್ ಮಾಡಲು ಬಹಳ ಜನಕ್ಕೆ ಅದು ಹೆಚ್ಚೇ. ಮೇಜು ತಗ್ಗಿಸಲಾಗದು, ಹಾಗಾಗಿ ಕುರ್ಚಿ ಎತ್ತರಿಸಿ. ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೊಂದು ಮಣೆ ಇಡಿ. ಕೀಬೋರ್ಡ್ ಹಿಂಬದಿಯ ಪುಟ್ಟ ಕಾಲುಗಳನ್ನು ಮಡಚಿಬಿಡಿ. ಅವು ಎದ್ದು ನಿಂತರೆ ಅಂಗೈ ಹಿಂದಕ್ಕೆ ಬಾಗಿ ಟನಲ್ ಒಳಗಿನ ಒತ್ತಡ ಏರುತ್ತದೆ. ಆ ಕಾಲುಗಳನ್ನು ಯಾಕಾದರೂ ಕೊಡುತ್ತಾರೋ!

ಮೌಸ್ ಹಿಡಿಯುವ ಕೈ ಮಾತ್ರ ನೋಯುತ್ತಿದ್ದರೆ ಬಲಗಡೆಯ ನಂಬರ್ ಕೀಗಳನ್ನು ನೋಡಿ. ಅವು ಮೌಸನ್ನು ದೂರ ತಳ್ಳಿ, ಭುಜವನ್ನು ಹೊರಕ್ಕೆ ತಿರುಗಿಸಿಟ್ಟಿರುತ್ತವೆ. ನಂಬರ್ ಪ್ಯಾಡ್ ಇಲ್ಲದ ಕೀಬೋರ್ಡ್ ಆದರೆ ಮೌಸ್ ಒಳಕ್ಕೆ ಬರುತ್ತದೆ. ಪಾಯಿಂಟರ್ ವೇಗ ಹೆಚ್ಚಿಸಿ. ಮೌಸ್ ದೂರ ಸರಿಸುವಾಗ ಮಣಿಕಟ್ಟು ಅತ್ತಿತ್ತ ತಿರುಚದೆ ಮೊಣಕೈಯಿಂದಲೇ ಸರಿಸಿ. ಕಂಟ್ರೋಲ್ ಜೊತೆ ಇನ್ನೊಂದು ಕೀ ಒತ್ತುವಾಗ ಒಂದೇ ಕೈಯ ಬೆರಳು ಹಿಗ್ಗಿಸಬೇಡಿ, ಎರಡು ಕೈ ಬಳಸಿ. ಅದೂ ಕಷ್ಟವಾದರೆ ವಿಂಡೋಸ್‌ನಲ್ಲಿ ಶಿಫ್ಟ್ ಕೀಯನ್ನು 5 ಸಲ ಒತ್ತಿದರೆ ಸ್ಟಿಕಿ ಕೀಸ್ ಆನ್ ಮಾಡುವ ಆಯ್ಕೆ ಬರುತ್ತದೆ, ಆಗ ಕೀಗಳನ್ನು ಒಟ್ಟಿಗೆ ಹಿಡಿಯದೆ ಒಂದಾದ ಮೇಲೊಂದು ಒತ್ತಬಹುದು.

ಅರ್ಧ ಗಂಟೆಗೊಮ್ಮೆ ಒಂದು ನಿಮಿಷ ಕೈ ತೊಡೆಯ ಮೇಲಿರಲಿ. ಆ ಬಿಡುವಿನಲ್ಲಿ ಫೋನ್ ತೆಗೆದರೆ ಅದು ಬಿಡುವಲ್ಲ. ನೋವಿರುವಾಗ ಸ್ಪಂಜಿನ ಚೆಂಡು ಹಿಸುಕುವುದನ್ನು ನಾನಂತೂ ಒಪ್ಪುವುದಿಲ್ಲ, ದಣಿದ ರಜ್ಜುಗಳಿಗೆ ಅದು ಇನ್ನಷ್ಟು ದುಡಿತ. ಬದಲಿಗೆ ಬೆರಳು ನೇರ, ಕೊಕ್ಕೆಯಂತೆ, ಪೂರ್ತಿ ಮುಷ್ಟಿ, ಮತ್ತೆ ನೇರ, ಹೀಗೆ ನಿಧಾನವಾಗಿ 5 ಸಲ ಮಾಡಿ. ಜುಮ್ಮೆಂದರೆ ನಿಲ್ಲಿಸಿ.

ರಾತ್ರಿ ಮಣಿಕಟ್ಟು ಮಡಚಿ ಮಲಗುವವರಿಗೆ ಸ್ಪ್ಲಿಂಟ್, ಅಂದರೆ ಮಣಿಕಟ್ಟು ಬಾಗದಂತೆ ಹಿಡಿದಿಡುವ ಕವಚ, ಒಳ್ಳೆಯದು. ಒಳಗಿನ ಲೋಹದ ಪಟ್ಟಿ ಹಲವು ಸಲ ಮೇಲಕ್ಕೆ ಬಾಗಿಯೇ ಬರುತ್ತದೆ. ಅದನ್ನು ಹೊರತೆಗೆದು ಬಹುತೇಕ ನೇರ ಮಾಡಿ ಹಾಕಿಕೊಳ್ಳಿ, ಸುಮಾರು 6 ವಾರ ಪ್ರತಿ ರಾತ್ರಿ ಬಿಡದೆ. ಟೈಪ್ ಮಾಡುವಾಗ ಬೇಡ, ಪಟ್ಟಿಯ ವಿರುದ್ಧ ಕೈ ಗುದ್ದಾಡುತ್ತದೆ.

ಜೋಮು ಹಗಲೂ ಬಿಡದಿದ್ದರೆ, ಕೈಯಿಂದ ವಸ್ತುಗಳು ಜಾರುತ್ತಿದ್ದರೆ, ಹೆಬ್ಬೆರಳ ಬುಡದ ಉಬ್ಬು ಚಪ್ಪಟೆಯಾಗಿದ್ದರೆ ಇದ್ಯಾವುದನ್ನೂ ನೆಚ್ಚಿ ಕೂರಬೇಡಿ. ವೈದ್ಯರ ಬಳಿ ನರ್ವ್ ಕಂಡಕ್ಷನ್ ಪರೀಕ್ಷೆಯ (ನರದಲ್ಲಿ ಸಂಕೇತ ಎಷ್ಟು ಚೆನ್ನಾಗಿ ಹರಿಯುತ್ತದೆ ಎಂದು ಅಳೆಯುವ ಪರೀಕ್ಷೆ) ಬಗ್ಗೆ ಕೇಳಿ. ಜೊತೆಗೆ ಸಕ್ಕರೆ ಮತ್ತು ಥೈರಾಯ್ಡ್ ಕೂಡ ನೋಡಿಸಿ, ಅವೆರಡರ ಏರುಪೇರೂ ಇದೇ ತೊಂದರೆ ತರಬಲ್ಲದು.