ನಾರಿಹಳ್ಳದಲ್ಲಿ ಒಂದು ನಿದ್ದೆ

ಬಳ್ಳಾರಿಯಲ್ಲಿ ಇರೋದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ ಎಂದು ಹೊರಗಿನವರು ಆಡಿಕೊಳ್ಳುತ್ತಾರೆ. ಸುಳ್ಳು. ಮೂರನೆಯದೂ ಒಂದಿದೆ. ಆದರೆ ಅದನ್ನು ಸಂಡೂರಿನಲ್ಲಿ ಇಟ್ಟಿದ್ದಾರೆ, 50 ಚಿಲ್ಲರೆ ಕಿಲೋಮೀಟರ್ ದೂರದಲ್ಲಿ. ನಾಲ್ಕು ಮಳೆ ಬಿದ್ದರೆ ಸಾಕು, ಕಬ್ಬಿಣದ ಅದಿರಿನ ಆ ಕೆಂಪು ಗುಡ್ಡಗಳು ಇವು ನಮ್ಮ ಜಿಲ್ಲೆಯವೇನಾ ಎಂದು ಅನುಮಾನ ಬರುವಷ್ಟು ಹಸಿರಾಗುತ್ತವೆ. 1934ರಲ್ಲಿ ಸಂಡೂರಿಗೆ ಬಂದಿದ್ದ ಗಾಂಧೀಜಿ, ‘ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕು’ ಅಂದಿದ್ದರಂತೆ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅವರು ಹೇಳಿದ್ದು ನೋಡಲಿಕ್ಕೆ. ನಾನು ಹೊರಟದ್ದು ಮಲಗಲಿಕ್ಕೆ.

ಇದಕ್ಕೆ ಡಾಕ್ಟರ್ ಚೀಟಿಯ ಆಧಾರವಿತ್ತು. ‘ದಿನಾ ನಡೀರಿ, ಟೆನ್ಷನ್ ಬಿಡ್ರಿ’ ಎಂದು ಅವರು ಎರಡು ಮಾತು ಹೇಳಿದ್ದರು. ನಾನು ಎರಡನೆಯದರಿಂದ ಶುರು ಮಾಡೋಣ ಅಂದುಕೊಂಡೆ. ಕಾಡು, ಕೆರೆ, ಎರಡು ಮರದ ನಡುವೆ ತೂಗುವ ಬಲೆಯ ಹ್ಯಾಮಕ್, ಅದರಲ್ಲಿ ನಾನು. ಹೀಗೊಂದು ಚಿತ್ರ ಫೋನಿನಲ್ಲಿ ಕಂಡು 799 ರೂಪಾಯಿ ಕೊಟ್ಟು ತರಿಸಿಯೂ ಬಿಟ್ಟೆ. 200 ಕಿಲೋ ತಡೆಯುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ನಾನು 86. ಲೆಕ್ಕದ ಪ್ರಕಾರ ನನ್ನಂಥವರು ಇಬ್ಬರು ಮಲಗಿ, ಮೇಲೊಂದು ಚೀಲ ಅಕ್ಕಿ ಇಡಬಹುದಿತ್ತು.

‘ಮಲ್ಕೊಳ್ಳಾಕ ಸಂಡೂರತನಕ ಯಾಕ ಹೋಗ್ಬೇಕ್ರಿ? ಮನ್ಯಾಗ ಅದನ್ನ ಮಾಡ್ತೀರಲ್ಲ’ ಎಂದಳು ಹೆಂಡತಿ. ಅವಳಿಗೆ ಪ್ರಕೃತಿಯ ಮೇಲೆ ಪ್ರೀತಿ ಕಡಿಮೆ. ಆದರೆ ತನ್ನ ತಮ್ಮನನ್ನು ಜೊತೆಗೆ ಕಳಿಸಿದಳು. ಬಾಮೈದ ಕಾಲೇಜಿನಲ್ಲಿ ಎನ್‌ಸಿಸಿಯಲ್ಲಿದ್ದವನು, ಹದಿನೆಂಟು ತರದ ಗಂಟು ಹಾಕಲು ಬರುತ್ತದೆ ಅನ್ನುತ್ತಾನೆ.

ಬೆಳಗ್ಗೆ ಆರಕ್ಕೆ ಹೊರಡಬೇಕೆಂದು ನಿಗದಿಯಾಗಿತ್ತು. ಎಂಟೂವರೆಗೆ ನಾವಿನ್ನೂ ಊರೊಳಗೇ ಒಗ್ಗರಣಿ ಅಂಗಡಿಯ ಮುಂದೆ ನಿಂತಿದ್ದೆವು. ತಪ್ಪು ನಮ್ಮದಲ್ಲ. ನೆನೆಸಿ ಹಿಂಡಿದ ಮಂಡಾಳು, ಅಂದರೆ ಮಂಡಕ್ಕಿ, ಬಾಣಲೆಗೆ ಬಿದ್ದು, ಹಸಿಮೆಣಸಿನಕಾಯಿಯ ಘಾಟು ಮೂಗಿಗೇರಿ, ಮೇಲೆ ಪುಟಾಣಿ ಪುಡಿ ಉದುರುವಾಗ ನಡುವೆ ಎದ್ದು ಹೋಗುವವನು ಬಳ್ಳಾರಿಯವನೇ ಅಲ್ಲ. ಒಂದು ಪ್ಲೇಟಿಗೆ ಎರಡು ಮಿರ್ಚಿ. ಮಿರ್ಚಿ ಖಾಲಿಯಾದಾಗ ಒಗ್ಗರಣಿ ಉಳಿಯುತ್ತದೆ, ಅದಕ್ಕೆ ಇನ್ನೆರಡು ಮಿರ್ಚಿ. ಆಗ ಒಗ್ಗರಣಿ ಖಾಲಿಯಾಗಿ ಮಿರ್ಚಿ ಉಳಿಯುತ್ತದೆ. ಈ ಲೆಕ್ಕ ಸರಿಹೊಂದಿದ್ದನ್ನು ನಾನು ಈತನಕ ನೋಡಿಲ್ಲ.

ಕುಡುತಿನಿ ದಾಟಿ, ತೋರಣಗಲ್ಲಿನ ಸ್ಟೀಲ್ ಕಾರ್ಖಾನೆಯ ಕೊಳವೆಗಳನ್ನು ದಾಟಿ ಹೊರಳಿಕೊಂಡ ಮೇಲೆ ಅದಿರಿನ ಲಾರಿಗಳು ಸಿಕ್ಕವು. ನಾನು ಅವತ್ತು ಹಾಕಿಕೊಂಡದ್ದು ಬಿಳಿ ಅಂಗಿ. ಸಂಡೂರಿನ ಹಾದಿಗೆ ಬಿಳಿ ಅಂಗಿ ಹಾಕುವವರು ಎರಡೇ ಜನ, ಓಟು ಕೇಳಲು ಬರುವವರು ಮತ್ತು ಬುದ್ಧಿ ಇಲ್ಲದವರು. ಕಿಟಕಿ ಏರಿಸೋಣವೆಂದರೆ ಬಾಮೈದನ ಕಾರಿನ ಎಸಿ ಕೆಟ್ಟು ಎರಡು ಯುಗಾದಿ ಕಳೆದಿವೆ. ಅರ್ಧ ತಾಸಿನಲ್ಲಿ ನನ್ನ ಅಂಗಿ ಕಾವಿಯಾಯಿತು, ಅವನ ಕಪ್ಪು ಮೀಸೆ ಕೆಂಚಾಯಿತು.

ಇಲ್ಲಿ ಭೂಗೋಳ ಒಂದಿಷ್ಟು ಹೇಳಬೇಕು. ಸಂಡೂರಿನ ಸುತ್ತ ಗುಡ್ಡಗಳು ಕೋಟೆ ಕಟ್ಟಿದಂತೆ ನಿಂತಿವೆ. ಆ ಕೋಟೆಗೆ ನಾರಿಹಳ್ಳ ಎಂಬ ಹಳ್ಳ ಎರಡು ಕಡೆ ಕನ್ನ ಹಾಕಿದೆ. ಪಡುವಲಿಗೆ ಓಬಳಗಂಡಿ, ಮೂಡಲಿಗೆ ಭೀಮಗಂಡಿ. ಒಂದರಲ್ಲಿ ನುಗ್ಗಿ ಇನ್ನೊಂದರಲ್ಲಿ ಹೊರಬೀಳುವ ಈ ಹಳ್ಳವನ್ನು ತಾರಾನಗರದ ಹತ್ತಿರ ಕಟ್ಟೆ ಕಟ್ಟಿ ನಿಲ್ಲಿಸಿದ್ದಾರೆ. ಅದೇ ನಾರಿಹಳ್ಳ ಜಲಾಶಯ. ಮೂರು ಸಾಲು ಬರೆದು ಮುಗಿಸುವ ಈ ಸರಳ ಸಂಗತಿ ಬಾಮೈದನ ಮ್ಯಾಪಿಗೆ ತಿಳಿಯಲಿಲ್ಲ. ಅದು ‘ನೀವು ತಲುಪಿದ್ದೀರಿ’ ಅಂದಾಗ ನಾವು ಲಾರಿ ತೂಗುವ ಒಂದು ವೇ ಬ್ರಿಡ್ಜಿನ ಮೇಲೆ ನಿಂತಿದ್ದೆವು. ಮುಂದೆ ಹದಿನಾಲ್ಕು ಚಕ್ರದ ಲಾರಿ, ಹಿಂದೆ ಹದಿನಾಲ್ಕು ಚಕ್ರದ ಲಾರಿ. ವಾಚ್‌ಮನ್ ಪುಸ್ತಕದಿಂದ ತಲೆ ಎತ್ತದೆ ಕೇಳಿದ:

‘ಲೋಡೋ, ಖಾಲಿಯೋ?’

ಬಾಮೈದ ನನ್ನ ಹೊಟ್ಟೆ ಕಡೆ ನೋಡಿ, ‘ಲೋಡು’ ಅಂದ.

ಅಂತೂ ನೀರು ಕಂಡಾಗ ಹನ್ನೊಂದು ಗಂಟೆ. ಕಾರು ರಸ್ತೆ ಬದಿ ಬಿಟ್ಟು ಕುರಿದಾರಿ ಹಿಡಿದು ಇಳಿದೆವು. ನಿಜ ಹೇಳಬೇಕೆಂದರೆ, ಅಲ್ಲಿಗೆ ಬಂದ ಮೇಲೆ ನಾನು ಸ್ವಲ್ಪ ಹೊತ್ತು ಮಾತು ಬಿಟ್ಟೆ. ಎದುರಿನ ಗುಡ್ಡದ ತಲೆಗೆ ಮೋಡ ತಾಗಿತ್ತು. ಗುಡ್ಡ ತಲೆಕೆಳಗಾಗಿ ನೀರಿನೊಳಗೂ ನಿಂತಿತ್ತು. ಒಂದು ಒಣಬೊಡ್ಡೆಯ ಮೇಲೆ ನೀರುಕಾಗೆ ಎರಡೂ ರೆಕ್ಕೆ ಬಿಚ್ಚಿ ನಮ್ಮೋಣಿಯಲ್ಲಿ ಸೀರೆ ಒಣಹಾಕಿದ ಹಾಗೆ ಕೂತಿತ್ತು. ಹಾರ್ನ್ ಇಲ್ಲ, ಮಿಕ್ಸರ್ ಇಲ್ಲ. ಆ ಮೌನದಲ್ಲಿ ನನ್ನ ಹೊಟ್ಟೆಯೊಳಗಿನ ಮಿರ್ಚಿಗಳು ಮಾತಾಡಿಕೊಳ್ಳುವುದು ಬಾಮೈದನಿಗೂ ಕೇಳಿಸಿತು.

ಎರಡು ಮರ ಹುಡುಕಿ ಅವನು ಹದಿನೆಂಟರಲ್ಲಿ ಒಂದು ಗಂಟು ಹಾಕಿದ. ‘ಆನೀನೂ ಕಟ್ಟಬಹುದು ಭಾವ, ಕುಂದ್ರು’ ಅಂದ. ನಾನು ಕೂತೆ. ಕಾಲು ಮೇಲೆ ಎತ್ತಿಕೊಂಡೆ. ಆಹಾ ಅನ್ನಲು ಬಾಯಿ ತೆರೆದೆ. ತಲೆ ಕಡೆಯ ಗಂಟು ಬಿಚ್ಚಲಿಲ್ಲ, ಅದೇ ಅನ್ಯಾಯ. ಮರದ ಮೇಲೆ ನಿಧಾನಕ್ಕೆ ಜಾರತೊಡಗಿತು, ಲಿಫ್ಟ್ ಇಳಿದ ಹಾಗೆ. ಆಕಾಶ ಕಾಣುತ್ತಿದ್ದವನಿಗೆ ಮೊದಲು ಗುಡ್ಡ ಕಂಡಿತು, ಆಮೇಲೆ ನೀರು, ಆಮೇಲೆ ನನ್ನವೇ ಎರಡು ಬೂಟು, ನನಗಿಂತ ಎತ್ತರದಲ್ಲಿ. ತಲೆ ನೆಲಕ್ಕೆ ತಾಗಿದಾಗ ಕಿವಿಯ ಹತ್ತಿರ ಒಂದು ಜೊತೆ ಕೆರ ನಿಂತಿದ್ದವು.

ಕೆರದ ಮೇಲೆ ಒಬ್ಬ ತಾತ, ಅವನ ಹೆಗಲ ಮೇಲೆ ಕಂಬಳಿ, ಹಿಂದೆ ಕುರಿಹಿಂಡು. ಬಲೆಯಲ್ಲಿ ಸಿಕ್ಕ ನನ್ನನ್ನು ಅಷ್ಟೂ ಕುರಿಗಳು ಮೇಯುವುದು ಬಿಟ್ಟು ನೋಡುತ್ತಿದ್ದವು. ತಾತ ಹಗ್ಗ ಮುಟ್ಟಿ ನೋಡಿ, ಸುತ್ತ ಕಣ್ಣಾಡಿಸಿ ಕೇಳಿದ:

‘ಜೋಲಿ ಕಟ್ಟೀರಿ. ಕೂಸು ಎಲ್ಲೈತ್ರಿ?’

ನಮ್ಮಲ್ಲಿ ಯಾರೂ ಉತ್ತರ ಕೊಡಲಿಲ್ಲ. ಅವನೂ ಕಾಯಲಿಲ್ಲ. ಹಗ್ಗ ಬಿಚ್ಚಿ, ಟೊಂಗೆ ಕವಲೊಡೆದ ಜಾಗದಲ್ಲಿ ಎರಡು ಸುತ್ತು ಹಾಕಿ, ದನ ಕಟ್ಟುವ ಗಂಟಿನಿಂದ ಒಮ್ಮೆ ಜಗ್ಗಿದ. ಮರ ಅಲುಗಿತು, ಗಂಟು ಅಲುಗಲಿಲ್ಲ. ಎನ್‌ಸಿಸಿ ಮೀಸೆ ತಿರುವುತ್ತ ನೀರಿನ ಕಡೆ ನೋಡುತ್ತಿತ್ತು.

ನನಗೆ ಬೇರೆ ಚಿಂತೆ. ಈ ಕಡೆ ಕರಡಿ ಜಾಸ್ತಿ. ಹತ್ತಿರದ ದರೋಜಿಯಲ್ಲಿ 1994ರಿಂದ ಅವಕ್ಕೊಂದು ಧಾಮವೇ ಇದೆ. ಬಂಡೆಗೆ ಸವರಿದ ಸಿಹಿ ನೆಕ್ಕಲು ಅವು ಮಧ್ಯಾಹ್ನ ಬರುವುದನ್ನು ದೂರದ ಗೋಪುರದಿಂದ ನೋಡಿದ್ದೇನೆ. ನನ್ನ ಚೀಲದಲ್ಲಿ ಅಂಟಿನುಂಡೆ ಇತ್ತು.

‘ತಾತಾ, ಇಲ್ಲಿ ಕರಡಿ ಬರ್ತಾವೇನು?’

‘ಬರ್ತಾವ್ರಿ, ಹೊತ್ತು ಮುಣುಗಿದ ಮ್ಯಾಲ. ಹಗಲೊತ್ತು ಗವಿಯಾಗ ಬಿದ್ಕೊಂಡಿರ್ತಾವ, ನಿಮ್ಮಂಗ’ ಅಂದ. ಗೇಲಿ ಮಾಡಿದನೆಂದು ಮುಖ ನೋಡಿದರೆ ಹಾಗೇನೂ ಕಾಣಲಿಲ್ಲ. ಉಂಡೆ ಕೊಟ್ಟೆ. ತಿನ್ನುತ್ತ ಹ್ಯಾಮಕ್ಕಿನ ಸುತ್ತ ಒಂದು ಸುತ್ತು ಬಂದ. ‘ಗಟ್ಟಿ ಐತೇನು ನೋಡ್ತೀನಿ ತಡೀರಿ’ ಎಂದು ಕಂಬಳಿಯನ್ನು ಬಾಮೈದನ ಕೈಗೆ ಕೊಟ್ಟು, ಕೆರ ಕಳಚಿಟ್ಟು, ಒಂದೇ ಸಲಕ್ಕೆ ಬಲೆಯೊಳಗೆ ಸೇರಿಕೊಂಡ. ನಾನು ಎರಡು ವಾರ ಫೋನಿನಲ್ಲಿ ವಿಡಿಯೋ ನೋಡಿ ಕಲಿತದ್ದು ಅದೇ.

‘42 ಅದಾವ’ ಅಂದ ಒಳಗಿಂದ. ‘ಆ ಕರೀದು ಭಾಳ ತಿರುಗುತೈತಿ, ಅದರ ಮ್ಯಾಲ ಒಂದು ಕಣ್ಣಿಡ್ರಿ.’ ಮುಂದಿನ ಉಸಿರಿಗೆ ಗೊರಕೆ.

ಕರೀದು ನಿಜಕ್ಕೂ ತಿರುಗುತ್ತಿತ್ತು. ಅದು ಗುಡ್ಡ ಹತ್ತಿದರೆ ಉಳಿದವು ಹತ್ತುತ್ತವೆ, ಅವುಗಳ ಹಿಂದೆ ನಾನು. ಅದು ನೀರಿಗಿಳಿದರೆ ಎಲ್ಲ ಇಳಿಯುತ್ತವೆ, ನಾನೂ. ‘ಹುರ್ರ್’ ಅಂದೆ, ‘ಬಾರಮ್ಮ’ ಅಂದೆ, ಕೊನೆಗೆ ಆಫೀಸಿನಲ್ಲಿ ಕ್ಯೂ ತಪ್ಪಿಸುವವರಿಗೆ ಹೇಳುವ ಹಾಗೆ ‘ಲೈನಾಗ ಬರ್ರಿ’ ಎಂದೂ ಕೂಗಿದೆ. ಮುಳ್ಳು ನನ್ನ ಪ್ಯಾಂಟಿನ ಒಂದು ಕಾಲನ್ನು ಮೊಣಕಾಲತನಕ ಸೀಳಿತು. ಬೂಟಿಗೆ ಅಂಟಿದ ಕೆಂಪು ಮಣ್ಣಿನಲ್ಲಿ ಕಬ್ಬಿಣ ತೆಗೆದರೆ ಒಂದು ಕುಡುಗೋಲು ಆಗುತ್ತಿತ್ತು. ಫೋನು ತಾನಾಗಿಯೇ ಕಂಪಿಸಿ, 10,000 ಹೆಜ್ಜೆ ಮುಗಿಸಿದ್ದಕ್ಕೆ ಅಭಿನಂದನೆ ಹೇಳಿತು. ಡಾಕ್ಟರ್ ಹೇಳಿದ ಮೊದಲ ಮಾತು ಹೀಗೆ ನೆರವೇರಿತು.

ಎರಡು ತಾಸಾದ ಮೇಲೆ ಸೋನೆ ಹಿಡಿಯಿತು. ಕುರಿಗಳು ತಾವಾಗಿಯೇ ಮರದ ಕೆಳಗೆ ಒತ್ತಿಕೊಂಡು ಮಲಗಿದವು. ಎಣಿಸಿದೆ. 43. ಮತ್ತೆ ಎಣಿಸಿದೆ, ಬೆರಳು ಮಡಿಚಿ ಮಡಿಚಿ. 43. ಒಂದು ಕಡಿಮೆಯಾಗಿದ್ದರೆ ದುಡ್ಡು ಕೊಟ್ಟು ಕೈಮುಗಿಯಬಹುದಿತ್ತು. ಹೆಚ್ಚಾದರೆ ಏನು ಮಾಡುವುದು? ಬೇರೆಯವರ ಹಿಂಡಿನದು ಬಂದು ಸೇರಿಕೊಂಡಿದ್ದರೆ ನಾಳೆ ಸಂಡೂರು ಸ್ಟೇಷನ್ನಿನಲ್ಲಿ ಕುರಿಕಳ್ಳ ಎಂದು ನನ್ನ ಹೆಸರೇ ಬರುತ್ತದೆ. ನಿವೃತ್ತಿಗೆ ಇನ್ನೂ ಎರಡು ವರ್ಷ ಇದೆ.

ನಡುಗುವ ಕೈಯಲ್ಲಿ ತಾತನನ್ನು ಎಬ್ಬಿಸಿದೆ. ಅವನು ಮಲಗಿದಲ್ಲಿಂದಲೇ ಹಿಂಡಿನ ಕಡೆ ಒಮ್ಮೆ ನೋಡಿದ. ಎಣಿಸಲಿಲ್ಲ.

‘ಆ ನಡುವಿನ ಕಂಬಳಿ ನಿಮ್ಮದು, ಎಬ್ಬಿಸ್ರಿ.’

ಎರಡು ಕುರಿಗಳ ನಡುವೆ, ಕಂಬಳಿಯನ್ನು ತಲೆತನಕ ಹೊದ್ದು, ಮರಿಯೊಂದನ್ನು ತಬ್ಬಿಕೊಂಡು ಬಾಮೈದ ಮಲಗಿದ್ದ. ಬೆಳಗಿನಿಂದ ಯಾರಿಗಾದರೂ ವಿಶ್ರಾಂತಿ ಸಿಕ್ಕಿದ್ದರೆ ಅದು ಈ ಇಬ್ಬರಿಗೆ, ಮತ್ತು ಆ ನೀರುಕಾಗೆಗೆ.

ತಾತ ಜೋಲಿಯಿಂದ ಇಳಿದು, ಮೈಮುರಿದು, ಕೆರ ಮೆಟ್ಟಿಕೊಂಡ. ಹಗ್ಗ ಬಿಚ್ಚಿ ಸುತ್ತಿ ನನ್ನ ಕೈಗೆ ಕೊಟ್ಟ. ಕುರಿಗಳನ್ನು ಎಬ್ಬಿಸಿ ನಾಲ್ಕು ಹೆಜ್ಜೆ ಹೋದವನು ತಿರುಗಿ ನಿಂತ.

‘ಮುಂದಿನ ಆಯ್ತಾರ ಬರ್ತೀರೇನ್ರಿ?’