ಮಕ್ಕಳು ಬಂದರು ಸರಿ, ಕಲಿತರೇ?

ಹಳ್ಳಿಗಳಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ ಸಂಸ್ಥೆಗಳ ವಾರ್ಷಿಕ ವರದಿಗಳಲ್ಲಿ ಎಷ್ಟು ಊರುಗಳಿಗೆ ಹೋದೆವು, ಎಷ್ಟು ಪುಸ್ತಕ ಹಂಚಿದೆವು ಎಂಬ ಲೆಕ್ಕ ವಿವರವಾಗಿ ಇರುತ್ತದೆ. ಮಕ್ಕಳು ಏನು ಕಲಿತರು ಎಂಬುದಕ್ಕೆ ಮಾತ್ರ ನಾಲ್ಕು ಸಾಲು ಸಿಗುವುದೂ ಕಷ್ಟ. ಮೌಲ್ಯಮಾಪನವನ್ನು ಕಾರ್ಯಕ್ರಮ ಮುಗಿದ ಮೇಲಿನ ಶಾಸ್ತ್ರವಾಗಿ ಉಳಿಸಿಕೊಂಡಿರುವುದೇ ಇದಕ್ಕೆ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಉತ್ತರ ಪ್ರದೇಶದ ಜೌನ್‌ಪುರ ಜಿಲ್ಲೆಯ ಉದಾಹರಣೆಯನ್ನು ಗಮನಿಸಬೇಕು. 2005-06ರಲ್ಲಿ ಮಕ್ಕಳ ಕಲಿಕೆಗಾಗಿ ದುಡಿಯುವ 'ಪ್ರಥಮ್' ಎಂಬ ಸ್ವಯಂಸೇವಾ ಸಂಸ್ಥೆಯು ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದ ಅರ್ಥಶಾಸ್ತ್ರಜ್ಞರೊಂದಿಗೆ ಸೇರಿ ಅಲ್ಲಿನ 280 ಹಳ್ಳಿಗಳನ್ನು ಲಾಟರಿಯ ಮೂಲಕ ನಾಲ್ಕು ಗುಂಪು ಮಾಡಿತು. ಒಂದು ಗುಂಪಿನಲ್ಲಿ, ಊರಿನ ಶಾಲೆಯ ಮೇಲ್ವಿಚಾರಣೆ ನೋಡುವ ಗ್ರಾಮ ಶಿಕ್ಷಣ ಸಮಿತಿಯ ಹಕ್ಕುಗಳ ಬಗ್ಗೆ ಸಭೆ ನಡೆಸಲಾಯಿತು. ಇನ್ನೊಂದರಲ್ಲಿ ಸಭೆಯ ಜೊತೆಗೆ ಊರಿನವರೇ ತಮ್ಮ ಮಕ್ಕಳ ಓದನ್ನು ಪರೀಕ್ಷಿಸುವುದನ್ನು ಕಲಿತರು. ಮೂರನೆಯದರಲ್ಲಿ ಇವೆರಡರ ಜೊತೆಗೆ ಊರಿನ ಸ್ವಯಂಸೇವಕರಿಗೆ ಓದಿನ ಶಿಬಿರ ನಡೆಸುವ ತರಬೇತಿ ದೊರೆಯಿತು. ನಾಲ್ಕನೆಯ ಗುಂಪನ್ನು ಹೋಲಿಕೆಗಾಗಿ ಹಾಗೆಯೇ ಬಿಡಲಾಯಿತು.

ಮೊದಲೆರಡು ಗುಂಪುಗಳಲ್ಲಿ ಸಭೆಗಳಿಗೆ ಜನ ಬಂದರೂ ಕಲಿಕೆಯಲ್ಲಿ ಬದಲಾವಣೆ ಕಾಣಲಿಲ್ಲ. ಶಿಬಿರಕ್ಕೆ ಬಂದ ಮಕ್ಕಳು ನಿಜಕ್ಕೂ ಓದಲು ಕಲಿತರು, ಆದರೆ ಆ ಹಳ್ಳಿಗಳ ಮಕ್ಕಳಲ್ಲಿ ಶಿಬಿರಕ್ಕೆ ಬಂದವರು ನೂರಕ್ಕೆ ಎಂಟರಷ್ಟು ಮಾತ್ರ. ಬರೀ ಹಾಜರಿ ಪುಸ್ತಕವನ್ನು ನಂಬಿದ್ದರೆ ಸಭೆಗಳೇ ದೊಡ್ಡ ಯಶಸ್ಸಾಗಿ ಕಾಣುತ್ತಿದ್ದವು. ಪಾಠದ ವಿಧಾನ ಸರಿಯಿದೆ, ಅದು ಮಕ್ಕಳನ್ನು ತಲುಪುವ ದಾರಿ ಸರಿಯಿಲ್ಲ ಎಂಬುದು ಹೀಗೆ ಗುಂಪು ಮಾಡಿ ಹೋಲಿಸಿದ್ದರಿಂದಲೇ ತಿಳಿಯಿತು. ಮುಂದೆ ಹರಿಯಾಣದ ಸರ್ಕಾರಿ ಶಾಲೆಗಳಲ್ಲಿ ದಿನಕ್ಕೊಂದು ಗಂಟೆಯನ್ನು ಈ ವಿಧಾನದ ಪಾಠಕ್ಕೆಂದೇ ಮೀಸಲಿಟ್ಟು, ತರಗತಿಯ ಬದಲು ಓದಿನ ಮಟ್ಟಕ್ಕೆ ತಕ್ಕಂತೆ ಮಕ್ಕಳನ್ನು ಕೂರಿಸಿದಾಗ ಭಾಷಾ ಕಲಿಕೆ ಸುಧಾರಿಸಿತು. ನಾಲ್ಕು ಮತ್ತು ಐದನೇ ತರಗತಿಯ ಮಕ್ಕಳಿಗಾಗಿ ಬಂದ ನಮ್ಮ ರಾಜ್ಯದ 'ಓದು ಕರ್ನಾಟಕ' ಕಾರ್ಯಕ್ರಮವೂ ಇದೇ ಜಾಡಿನದು.

ಮಕ್ಕಳ ಓದನ್ನು ಪರೀಕ್ಷಿಸಲು ಬಳಸುವ ಸಾಧನವೂ ಸರಳವಾದದ್ದು: ಅಕ್ಷರ, ಪದ, ಒಂದನೇ ತರಗತಿ ಮಟ್ಟದ ಪುಟ್ಟ ಪರಿಚ್ಛೇದ, ಎರಡನೇ ತರಗತಿ ಮಟ್ಟದ ಕಥೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗಟ್ಟಿಯಾಗಿ ಓದಿಸಿ, ಅದು ಎಲ್ಲಿ ತಡವರಿಸಿತು ಎಂದು ಗುರುತಿಸಿಕೊಂಡರಾಯಿತು. ಶಾಲೆಯ ಮೆಟ್ಟಿಲು ಹತ್ತದ ತಾಯಿಗೂ ಅದು ಅರ್ಥವಾಗುತ್ತದೆ.

ದಾನಿಗಳಲ್ಲಿ ನನ್ನ ಕಳಕಳಿಯ ವಿನಂತಿಯಿಷ್ಟೆ. ಯೋಜನೆಗೆ ಒಪ್ಪಿಗೆ ಕೊಡುವಾಗಲೇ ಶಿಬಿರ ಆರಂಭವಾಗುವ ಮುಂಚಿನ ಪರೀಕ್ಷೆಗೂ, ಶಿಬಿರಕ್ಕೆ ಬಾರದ ಮಕ್ಕಳ ಮನೆಗಳಿಗೆ ಹೋಗಿ ವಿಚಾರಿಸುವ ಕೆಲಸಕ್ಕೂ ಹಣ ತೆಗೆದಿಡಿ, ಮತ್ತು ಫಲಿತಾಂಶ ಕಳಪೆಯೆಂದು ಪ್ರಾಮಾಣಿಕವಾಗಿ ಬರೆದ ಸಂಸ್ಥೆಯ ಅನುದಾನವನ್ನು ಆ ಕಾರಣಕ್ಕಾಗಿ ನಿಲ್ಲಿಸಬೇಡಿ.