ತಟ್ಟೆ ಮುಂದೆ ಬಂದ ಮೇಲೆ ಪಥ್ಯ ಹೇಳಬೇಡಿ ಸ್ವಾಮಿ

ರೂಮು ಬುಕ್ ಮಾಡುವ ಫಾರ್ಮಿನಲ್ಲಿ ‘ಯಾವ ಆಹಾರ ನಿಮಗೆ ಆಗುವುದಿಲ್ಲ?’ ಅಂತ ಒಂದು ಕಾಲಂ ಇರುತ್ತದೆ. ಅತಿಥಿಗಳು ಅದನ್ನು ಖಾಲಿ ಬಿಡುತ್ತಾರೆ. ಬರುವ ಮೊದಲು ಮೆಸೇಜಿನಲ್ಲಿ ಮತ್ತೆ ಕೇಳಿದರೆ ಉತ್ತರವಿಲ್ಲ. ಕೀ ಕೊಡುವಾಗ ಬಾಯಿಬಿಟ್ಟು ಕೇಳಿದರೆ ‘ಅಯ್ಯೋ, ನಾವು ಎಲ್ಲಾ ತಿಂತೀವಿ’. ಬೆಳಿಗ್ಗೆ ಎಂಟೂವರೆಗೆ, ಒಲೆ ಮೇಲೆ ಮೂರು ಬಾಣಲೆ ಕಾಯುತ್ತಿರುವಾಗ ಬರುತ್ತದೆ ಮಾತು: ‘ಅಂದ ಹಾಗೆ, ನನಗೆ ಗ್ಲುಟೆನ್ ಆಗಲ್ಲ, ಇವರಿಗೆ ಹಾಲು ಆಗಲ್ಲ, ಮಗುಗೆ ಮೊಟ್ಟೆ ಆಗಲ್ಲ.’ ಬೆಂಕಿ ಹತ್ತಿದ ಮೇಲೆ ಗುದ್ದಲಿ ಕೈಗೆ ಕೊಟ್ಟು ಬಾವಿ ತೋಡು ಅಂದ ಹಾಗಾಯ್ತು.

‘ಬ್ರೆಡ್ ಕೊಡಬೇಡಿ, ಅಷ್ಟೇ ತಾನೆ’ ಅನ್ನುವವರು ಅಡುಗೆಮನೆಯೊಳಗೆ ಒಮ್ಮೆ ಬಂದು ನೋಡಲಿ. ಗ್ಲುಟೆನ್ ಅಂದರೆ ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿರುವ ಪ್ರೋಟೀನ್. ‘ಗ್ಲುಟೆನ್ ರಹಿತ’ ಅನ್ನಿಸಿಕೊಳ್ಳಲು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಇಟ್ಟಿರುವ ಮಿತಿ ಕಿಲೋಗೆ 20 ಮಿಲಿಗ್ರಾಂ. ಟೋಸ್ಟರಿನ ತಳದಲ್ಲಿ ಕೂತಿರುವ ಬ್ರೆಡ್ ಪುಡಿ ಈ ಲೆಕ್ಕ ಕೆಡಿಸಬಹುದು. ಹಾಗಾಗಿ ಗ್ಲುಟೆನ್ ರಹಿತ ಬ್ರೆಡ್ಡಿಗೇ ಮೀಸಲಾದ ಟೋಸ್ಟರ್ ಬೇಕು, ಇಲ್ಲವೇ ಓವನ್ನಿನಲ್ಲಿ ಫಾಯಿಲ್ ಹಾಸಿ ಸುಡಬೇಕು. ಮರದ ಸೌಟಿನ ಬಿರುಕಿನಲ್ಲಿ ಹಿಟ್ಟು ಸಿಕ್ಕಿಕೊಂಡಿರಬಹುದು, ತೊಳೆದರೂ ಪೂರ್ತಿ ಹೋಗದಿರಬಹುದು. ಎಲ್ಲರೂ ಚಾಕು ಅದ್ದಿದ ಬೆಣ್ಣೆ, ಜಾಮ್ ಬಟ್ಟಲುಗಳ ಕಥೆಯೂ ಮುಗಿದಂತೆ. ಸಾಸೇಜಿನೊಳಗೆ ಬ್ರೆಡ್ ಪುಡಿ ಇರಬಹುದು, ಕೆಲವು ಬೇಕಿಂಗ್ ಪೌಡರಿನಲ್ಲಿ ಗೋಧಿ ಪಿಷ್ಟ ಇರುತ್ತದೆ. ‘ಹಾಗಾದ್ರೆ ಓಟ್ಸ್ ಕೊಡಿ’ ಅನ್ನುತ್ತಾರೆ. ಓಟ್ಸ್ ಸ್ವತಃ ಗೋಧಿಯಲ್ಲ, ನಿಜ. ಆದರೆ ಗೋಧಿಯ ಹೊಲದ ಪಕ್ಕ ಬೆಳೆದು, ಗೋಧಿ ಬೀಸಿದ ಗಿರಣಿಯಲ್ಲೇ ಬೀಸಿಕೊಂಡು ಬಂದಿರುತ್ತದೆ. ಗ್ಲುಟೆನ್ ರಹಿತ ಅಂತ ಪ್ಯಾಕೆಟ್ ಮೇಲೆ ಇದ್ದರೆ ಮಾತ್ರ ಕೊಡಬಹುದು, ಅದನ್ನೂ ತಾಳದ ಸೀಲಿಯಾಕ್ ರೋಗಿಗಳು (ಗ್ಲುಟೆನ್ ತಿಂದರೆ ಕರುಳಿಗೆ ಹಾನಿಯಾಗುವವರು) ಕೆಲವರಿದ್ದಾರೆ.

ಎಲ್ಲಕ್ಕಿಂತ ದೊಡ್ಡ ತೊಡಕು ಕೆಲಸದ ಕ್ರಮದ್ದು. ಮೈದಾ ಜರಡಿ ಹಿಡಿದರೆ ಗಾಳಿಯಲ್ಲಿ ಎದ್ದು ಎಲ್ಲದರ ಮೇಲೂ ಕೂರುತ್ತದೆ. ಅದಕ್ಕೇ ಗ್ಲುಟೆನ್ ಇಲ್ಲದ ತಿಂಡಿ ಮೊದಲು ಮಾಡಿ, ಮುಚ್ಚಿಟ್ಟು, ಆಮೇಲೆ ಮೈದಾ ಡಬ್ಬ ತೆಗೆಯಬೇಕು. ಎಂಟೂವರೆಗೆ ಹೇಳಿದರೆ ಬೆಳಗನ್ನು ಹಿಂದಕ್ಕೆ ತಿರುಗಿಸೋದು ಹೇಗೆ?

ಇನ್ನು ‘ಪ್ಯಾನ್‌ಕೇಕನ್ನೇ ಬೇರೆ ಹಿಟ್ಟಲ್ಲಿ ಮಾಡಿಕೊಡಿ’ ಅನ್ನುವವರು. ಅಕ್ಕಿ ಹಿಟ್ಟಿನದ್ದಾದರೆ ಕಪ್ಪಿಗೆ ಕಾಲು ಟೀ ಚಮಚ ಕ್ಸಾಂಥನ್ ಗಮ್ (ಹಿಟ್ಟನ್ನು ಹಿಡಿದಿಡುವ ಅಂಟಿನ ಪುಡಿ) ಸೇರಿಸಿ, ಕಲಸಿ 20–30 ನಿಮಿಷ ಬಿಡಬೇಕು. ನೆನೆಯದಿದ್ದರೆ ಬಾಯಲ್ಲಿ ಮರಳು ಮರಳು. ಮೊಟ್ಟೆಯೂ ಬೇಡವೇ? ಒಂದು ಮೊಟ್ಟೆಗೆ ಒಂದು ದೊಡ್ಡ ಚಮಚ ಅಗಸೆ ಬೀಜದ ಪುಡಿ, ಮೂರು ದೊಡ್ಡ ಚಮಚ ನೀರು, ಲೋಳೆಯಾಗುವವರೆಗೆ ಹತ್ತು ನಿಮಿಷ. ಅದು ಹಿಡಿದಿಡುತ್ತದೆ, ಉಬ್ಬಿಸುವುದಿಲ್ಲ. ಮೂರು ಮೊಟ್ಟೆಯ ಕೇಕಿಗೆ ಇದೇ ಲೆಕ್ಕದಲ್ಲಿ ಸುರಿದರೆ ಮೇಲೆ ಬೆಂದು ನಡುವೆ ಅಂಟಂಟು. ಗ್ಲುಟೆನ್ನೂ ಇಲ್ಲ, ಮೊಟ್ಟೆಯೂ ಇಲ್ಲ ಅಂದರೆ ಮಗುಚುವಾಗಲೇ ಚೂರು ಚೂರು. ಆಮೇಲೆ ರಿವ್ಯೂನಲ್ಲಿ ‘ತಿಂಡಿ ತಡ, ಪ್ಯಾನ್‌ಕೇಕ್ ಮುರಿದಿತ್ತು’, ಎರಡು ಸ್ಟಾರ್!

‘ಹಾಲು ಆಗಲ್ಲ’ ಅನ್ನೋದು ಇನ್ನೊಂದು ತಲೆನೋವು. ಹೊಟ್ಟೆ ಉಬ್ಬರಿಸುತ್ತದೋ, ಉಸಿರು ಕಟ್ಟುತ್ತದೋ? ಮೊದಲನೆಯದು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಜೀರ್ಣವಾಗದ ತೊಂದರೆ. ಅವರಿಗೆ ಲ್ಯಾಕ್ಟೋಸ್ ರಹಿತ ಹಾಲು ನಡೆಯುತ್ತದೆ, ಹಳೆಯ ಗಟ್ಟಿ ಚೀಸ್ ಕೂಡ ಸಾಮಾನ್ಯವಾಗಿ ನಡೆಯುತ್ತದೆ. ಎರಡನೆಯದು ಹಾಲಿನ ಪ್ರೋಟೀನಿನ ಅಲರ್ಜಿ. ಲ್ಯಾಕ್ಟೋಸ್ ರಹಿತ ಹಾಲಿನಲ್ಲಿ ಸಕ್ಕರೆಯನ್ನಷ್ಟೇ ಒಡೆದಿರುತ್ತಾರೆ, ಪ್ರೋಟೀನ್ ಇದ್ದಲ್ಲೇ ಇರುತ್ತದೆ. ಅದನ್ನು ಇವರಿಗೆ ಕೊಟ್ಟರೆ ಆಂಬ್ಯುಲೆನ್ಸ್ ಕರೆಯಬೇಕಾಗಬಹುದು. ಮೇಕೆ ಹಾಲೂ ಪರಿಹಾರವಲ್ಲ, ಅದರ ಪ್ರೋಟೀನ್ ಹೆಚ್ಚುಕಡಿಮೆ ಅದೇ ಬಗೆಯದು. ಇಷ್ಟೊಂದು ವ್ಯತ್ಯಾಸವನ್ನು ‘ಆಗಲ್ಲ’ ಅನ್ನುವ ಒಂದೇ ಮಾತಿನಲ್ಲಿ ಮುಚ್ಚಿಟ್ಟು ನಮ್ಮನ್ನು ಊಹೆ ಮಾಡಿ ಅಂತೀರಲ್ಲ!

ಉಪ್ಪಿನದ್ದೂ ಹೀಗೇ. ‘ಉಪ್ಪು ಕಡಿಮೆ’ ಅಂದರೆ ಲೋ ಸೋಡಿಯಂ ಉಪ್ಪಿನ ಡಬ್ಬಕ್ಕೆ ಕೈ ಹೋಗುತ್ತದೆ. ಅಂಥ ಉಪ್ಪುಗಳಲ್ಲಿ ಸಾಮಾನ್ಯವಾಗಿ ಇರುವುದು ಪೊಟ್ಯಾಸಿಯಂ ಕ್ಲೋರೈಡ್. ರಕ್ತದೊತ್ತಡ ಅಂತ ಕೇಳಿದವರಿಗೆ ಸರಿಹೋಗಬಹುದು. ಕಿಡ್ನಿ ಕೆಟ್ಟಿರುವುದರಿಂದ ಕೇಳಿದವರಿಗೆ ಅದೇ ಅಪಾಯ. ಕಾರಣ ಹೇಳಲು ಸಂಕೋಚವೇ? ‘ಪೊಟ್ಯಾಸಿಯಂ ಬೇಡ’ ಅಂತಷ್ಟೇ ಹೇಳಿ, ಬಾಳೆಹಣ್ಣನ್ನೂ ಕಿತ್ತಳೆ ರಸವನ್ನೂ ಆಚೆ ಇಡುತ್ತೇವೆ.

ನಿಜವಾದ ಸಿಟ್ಟು ಬೇರೆಯೇ ಇದೆ. ಅಷ್ಟೆಲ್ಲ ಪಾತ್ರೆ ಬದಲಿಸಿ, ಸೋಪು ಹಾಕಿ ಕೈ ತೊಳೆದು (ಸ್ಯಾನಿಟೈಸರಿನಿಂದ ಕಡಲೆಕಾಯಿಯ ಅಂಶ ಹೋಗುವುದಿಲ್ಲ), ಬೇರೆ ಬಾಣಲೆಯಲ್ಲಿ ಮಾಡಿಟ್ಟ ತಿಂಡಿಯನ್ನು ಪಕ್ಕಕ್ಕೆ ಸರಿಸಿ, ಗಂಡನ ತಟ್ಟೆಯ ಮೈದಾ ಕೇಕಿಗೆ ಕೈ ಹಾಕುತ್ತಾರೆ: ‘ಒಂಚೂರು ಪರವಾಗಿಲ್ಲ.’ ಪರವಾಗಿಲ್ಲ ಅನ್ನುವುದಾದರೆ ಅದು ನಿಮ್ಮ ಇಷ್ಟಾನಿಷ್ಟ, ಹಾಗಂತಲೇ ಹೇಳಿ. ಇಷ್ಟವಿಲ್ಲ ಅನ್ನುವುದೇನೂ ಅಪರಾಧವಲ್ಲ, ಬಡಿಸುವುದಿಲ್ಲ, ಮುಗಿಯಿತು. ಆದರೆ ಇಂಥವರನ್ನು ನೋಡಿ ನೋಡಿ ಅಡುಗೆಯವರಿಗೆ ನಂಬಿಕೆ ಹೋಗುತ್ತದೆ. ಮುಂದಿನ ವಾರ ನಿಜವಾದ ಸೀಲಿಯಾಕ್ ರೋಗಿ ಬಂದಾಗ ಅದೇ ಟೋಸ್ಟರಿಗೆ ಬ್ರೆಡ್ ಬೀಳುತ್ತದೆ, ಅನುಭವಿಸುವವರು ಅವರು. ಅಂದಹಾಗೆ, ಕಾಯಿಲೆ ಇರುವವರು ಹೆಚ್ಚಾಗಿ ಮೊದಲೇ ಬರೆದು ತಿಳಿಸುತ್ತಾರೆ, ಕೆಲವರು ತಮ್ಮ ಬ್ರೆಡ್ಡನ್ನೂ ತರುತ್ತಾರೆ. ಕಾಟ ಕೊಡುವವರು ಅವರಲ್ಲ.

ಫಾರ್ಮಿನಲ್ಲಿ ಮೂರು ವಿಷಯ ಬರೆಯಿರಿ: ಯಾವ ಪದಾರ್ಥ, ತಿಂದರೆ ಏನಾಗುತ್ತದೆ, ಅದು ತಾಗಿದ ಪಾತ್ರೆಯೂ ಆಗದೋ ಅಥವಾ ತಿನ್ನದಿದ್ದರೆ ಸಾಕೋ. ಹಿಂದಿನ ದಿನ ಅಂಗಡಿ ಮುಚ್ಚುವ ಮೊದಲು ತಿಳಿದರೆ ಬೇಕಾದ್ದು ತರಿಸಿ ಮಾಡಿಕೊಡಬಹುದು. ಬೆಳಿಗ್ಗೆ ಎಂಟೂವರೆಗೆ ಹೇಳಿದರೆ ಸಿಗುವುದು ಸಿಪ್ಪೆ ಸಮೇತ ಬೇಯಿಸಿದ ಮೊಟ್ಟೆ, ಇಡೀ ಹಣ್ಣು, ಕಪ್ಪು ಕಾಫಿ. ಮೊಟ್ಟೆಯೂ ಆಗದಿದ್ದರೆ, ಹಣ್ಣು ಎರಡು ತೆಗೆದುಕೊಳ್ಳಿ.